ನಾವು ಹಳೆ ನಂಬರ್ ಬರೆದರೆ ಅರ್ಜಿ ವಾಪಸ್, ಅಧಿಕಾರಿ ಬರೆದರೆ ಆದೇಶ!

ಸಂಪಾದಕರೇ,

ಬುಧವಾರದ ನಿಮ್ಮ ಪತ್ರಿಕೆಯಲ್ಲಿ ನಮ್ಮ ಊರಿನ ವರದಿ ಬಂದಿದೆ. ಪೇಟೆ ಬೀದಿಯ ಗಲಾಟೆ, ಅಂಗಡಿ ಮುಚ್ಚಿಸಿದ್ದು, ಮೆರವಣಿಗೆಗೆ ತಡೆ, ಎಲ್ಲ ಸರಿಯಾಗೇ ಬರೆದಿದ್ದೀರಿ. ಆದರೆ 'ಪಟ್ಟಣದಲ್ಲಿ 144 ಸೆಕ್ಷನ್ ಜಾರಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೀರಲ್ಲ, ಅದು ತಪ್ಪು. ನಿಮ್ಮೊಬ್ಬರನ್ನೇ ದೂರುವುದಿಲ್ಲ. ಬಸ್ ಸ್ಟ್ಯಾಂಡ್ ಎದುರು ಕಟ್ಟಿರುವ ಫ್ಲೆಕ್ಸ್‌ನಲ್ಲೂ 144 ಅಂತಲೇ ಇದೆ. ಆಟೋಗೆ ಮೈಕ್ ಕಟ್ಟಿಕೊಂಡು ಬೆಳಗ್ಗೆಯಿಂದ ಕೂಗಿದ್ದೂ 144 ಅಂತಲೇ.

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ ಇಲ್ಲ. ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ನಿಷೇಧಾಜ್ಞೆಯ ಸೆಕ್ಷನ್ 163. ಈಗ 144 ಎಂದರೆ ಹೆಂಡತಿ, ಮಕ್ಕಳು, ತಂದೆತಾಯಿಗೆ ಜೀವನಾಂಶ ಕೊಡಿಸುವ ಸೆಕ್ಷನ್. ಹಿಂದೆ ಅದು 125 ಆಗಿತ್ತು. ಇದನ್ನೆಲ್ಲ ನಾನು ಹವ್ಯಾಸಕ್ಕೆ ಓದಿಕೊಂಡದ್ದಲ್ಲ. ನನ್ನ ತಂಗಿ ಇದೇ ಸೆಕ್ಷನ್ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ.

ಅವಳಿಗೂ ಮಗಳಿಗೂ ತಿಂಗಳಿಗೆ 6,000 ರೂಪಾಯಿ ಜೀವನಾಂಶ ಕೊಡಬೇಕೆಂದು 2023ರಲ್ಲಿ ಆದೇಶವಾಯಿತು. ಆಗ ಹಳೆ ಕಾನೂನೇ ಇತ್ತು. ಗಂಡ ಸ್ವಲ್ಪ ಕಾಲ ಕೊಟ್ಟ, ಆಮೇಲೆ ನಿಲ್ಲಿಸಿದ. ಹನ್ನೊಂದು ತಿಂಗಳ ಬಾಕಿ ವಸೂಲಿಗೆ ಅರ್ಜಿ ಹಾಕಿದೆವು. ಆದೇಶ ಯಾವ ಸೆಕ್ಷನ್‌ನಲ್ಲಿ ಆಗಿತ್ತೋ ಅದನ್ನೇ ಬರೆದೆವು, 125 ಅಂತ. ಮೂರು ವಾರ ಅರ್ಜಿ ಕಚೇರಿಯಲ್ಲೇ ಕೂತಿತ್ತು. ಆಮೇಲೆ 'ಹಳೆ ಸೆಕ್ಷನ್, ಸರಿಪಡಿಸಿ ತನ್ನಿ' ಎಂದು ವಾಪಸ್ ಬಂತು. ಮತ್ತೆ ಟೈಪಿಂಗ್, ಮತ್ತೆ ಪ್ರಮಾಣಪತ್ರ, ಮತ್ತೆ ಜೆರಾಕ್ಸ್, ಮತ್ತೆ ತಂಗಿಗೆ ಗಾರ್ಮೆಂಟ್ಸ್‌ನಲ್ಲಿ ಒಂದು ದಿನದ ಸಂಬಳ ಕಟ್. ಟೈಪಿಸ್ಟ್ ಊರಿಗೆ ಹೋಗಿದ್ದರು, ಅದಕ್ಕೊಂದು ವಾರ. ಸಂಬಂಧಪಟ್ಟ ಗುಮಾಸ್ತರು ರಜೆ, ಅದಕ್ಕೆ ಇನ್ನೊಂದು ವಾರ. 144 ಎಂದು ಬರೆದು ಮತ್ತೆ ಕೊಡುವ ಹೊತ್ತಿಗೆ ಎರಡು ತಿಂಗಳು ಹೋಗಿತ್ತು.

ಎರಡು ತಿಂಗಳು ತಾನೇ ಅನ್ನಬೇಡಿ. ಬಾಕಿ ಹಣಕ್ಕೆ ವಾರಂಟ್ ಬೇಕೆಂದರೆ, ಆ ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಹಳೆ ಕಾನೂನಿನಲ್ಲೂ ಈ ಮಾತಿತ್ತು, ಹೊಸದರಲ್ಲೂ ಹಾಗೇ ಇದೆ. ಹನ್ನೊಂದು ತಿಂಗಳಿದ್ದದ್ದು ಹದಿಮೂರಾಯಿತು. ಮೊದಲು ಅರ್ಜಿ ಕೊಟ್ಟ ದಿನವನ್ನೇ ಲೆಕ್ಕಕ್ಕೆ ಹಿಡಿಯಿರಿ ಎಂದು ನಮ್ಮ ವಕೀಲರು ಕೇಳಿಕೊಳ್ಳುತ್ತಾರಂತೆ. ಎದುರಿನವರು ಸುಮ್ಮನೆ ಕೂರುತ್ತಾರಾ? ಒಂದು ನಂಬರ್‌ಗಾಗಿ ಆ ಮಗುವಿನ ಶಾಲೆ ಫೀಸು ಈಗ ವಾದಕ್ಕೆ ಬಿದ್ದಿದೆ.

ಇನ್ನು ಮೊನ್ನೆ ಮಂಗಳವಾರ. ಅವತ್ತೇ ನಮ್ಮ ಕೇಸು. ನಿಷೇಧಾಜ್ಞೆ ಎಂದು ಬಸ್ಸನ್ನು ಬೈಪಾಸ್‌ನಲ್ಲೇ ನಿಲ್ಲಿಸಿದರು. ನನಗೆ 67 ವರ್ಷ, ಮಂಡಿ ನೋವು. ಎರಡು ಕಿಲೋಮೀಟರ್ ಬಿಸಿಲಲ್ಲಿ ನಡೆದೆವು. ದಾರಿಯಲ್ಲಿ ತಡೆದ ಸಿಬ್ಬಂದಿ 'ಎಲ್ಲಿಗೆ, 144 ಇದೆ ಗೊತ್ತಿಲ್ವಾ' ಎಂದು ಗದರಿದರು. ತಂಗಿ ಕೈಯಲ್ಲಿದ್ದ ಅರ್ಜಿ ಪ್ರತಿಯ ಮೇಲೂ 144 ಅಂತಲೇ ಇತ್ತು. ತಲುಪುವಷ್ಟರಲ್ಲಿ ಕೇಸು ಕೂಗಿ ಆಗಿತ್ತು. ಆದೇಶವಾಗಿದ್ದು ಹಳೆ ಕಾನೂನಿನಲ್ಲಿ, ಅರ್ಜಿ ಹೊಸ ಸೆಕ್ಷನ್‌ನಲ್ಲಿ ಯಾಕಿದೆ ಎಂದು ಎದುರಿನ ವಕೀಲರು ತಕರಾರು ತೆಗೆದರಂತೆ. ಮುಂದಿನ ತಾರೀಖು ಬಿತ್ತು. ಹಳೆಯದು ಬರೆದರೆ ಕಚೇರಿ ಒಪ್ಪುವುದಿಲ್ಲ, ಹೊಸದು ಬರೆದರೆ ಎದುರಿನವರು ಒಪ್ಪುವುದಿಲ್ಲ. ಆಚೆ ಊರಿಗೆ ಊರನ್ನೇ ಹಳೆ ನಂಬರ್ ಕೂಗಿ ಮುಚ್ಚಿಸುತ್ತಾರೆ. ಕೋರ್ಟು ಬೇರೆ, ನಿಷೇಧಾಜ್ಞೆ ಹೊರಡಿಸುವ ಕಂದಾಯ ಇಲಾಖೆ ಬೇರೆ ಎಂದು ಯಾರೂ ನನಗೆ ಪಾಠ ಹೇಳುವುದು ಬೇಡ. ನಮ್ಮಂಥವರಿಗೆ ಎಲ್ಲ ಕೌಂಟರೂ ಸರ್ಕಾರವೇ.

ಇದಕ್ಕೆ ಕಾನೂನಿನಲ್ಲಿ ಉತ್ತರ ಇಲ್ಲ ಅಂದುಕೊಂಡಿದ್ದೆ. ಇದೆ! ಅದೇ ನನಗೆ ಜಾಸ್ತಿ ಸಿಟ್ಟು ತರಿಸಿದ್ದು. ಹೊಸ ಸಂಹಿತೆಯ ಕೊನೆಯ ಸೆಕ್ಷನ್ 531. ಹಳೆ ಕಾನೂನನ್ನು ರದ್ದು ಮಾಡುವ ಸೆಕ್ಷನ್ ಅದು. ಹಳೆ ಕಾನೂನಿನ ಕೆಳಗೆ ಆಗಿ ಜಾರಿಯಲ್ಲಿದ್ದ ಆದೇಶಗಳನ್ನು ಹೊಸದರ ಅದೇ ಬಗೆಯ ಸೆಕ್ಷನ್ ಕೆಳಗೆ ಆದವು ಎಂದೇ ತಿಳಿಯಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ. ಇದು ಹೊಸ ಉಪಾಯವೂ ಅಲ್ಲ. 1897ರ ಜನರಲ್ ಕ್ಲಾಸಸ್ ಆಕ್ಟ್ ಎಂಬ ಕಾನೂನಿದೆ. ಅದರ 6ನೇ ಸೆಕ್ಷನ್ ಪ್ರಕಾರ, ಕಾನೂನು ರದ್ದಾದರೂ ಅದರಿಂದ ಸಿಕ್ಕಿದ ಹಕ್ಕು ಸಾಯುವುದಿಲ್ಲ. ಹಳೆಯದನ್ನು ತೆಗೆದು ಹೊಸದು ಮಾಡಿದಾಗ, ಬೇರೆ ಕಾನೂನುಗಳಲ್ಲಿ ಹಳೆಯದರ ಹೆಸರು ಬಂದಿದ್ದರೆ ಅದನ್ನು ಹೊಸದು ಎಂದೇ ಓದಿಕೊಳ್ಳಬೇಕು ಎನ್ನುತ್ತದೆ 8ನೇ ಸೆಕ್ಷನ್. ಅಧಿಕಾರ ಇರುವಾಗ ಸೆಕ್ಷನ್ ನಂಬರ್ ತಪ್ಪಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿ ಕೆಡುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ನೂರಿಪ್ಪತ್ತು ವರ್ಷ ದಾಟಿದ ನಿಯಮ ಕೌಂಟರಿನಲ್ಲಿ ಕೂತವರಿಗೆ ಗೊತ್ತಿಲ್ಲವೆಂದರೆ ಏನರ್ಥ?

ಆ 8ನೇ ಸೆಕ್ಷನ್ ಇಲ್ಲದಿದ್ದರೆ ಗತಿ ಏನು ನೋಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಜೀವನಾಂಶದ ಮಾತು ಬರುವಲ್ಲಿ ಸಿಆರ್‌ಪಿಸಿಯ 125 ಎಂದಿದೆ. ಹೊಸ ಸಂಹಿತೆಯ 125 ತೆಗೆದು ನೋಡಿದರೆ ಸಿಗುವುದು ಶಿಕ್ಷೆಯಾದವರಿಂದ ಶಾಂತಿ ಕಾಪಾಡಲು ಬಾಂಡ್ ಬರೆಸಿಕೊಳ್ಳುವ ವಿಷಯ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಸಿಆರ್‌ಪಿಸಿಯ 9ನೇ ಅಧ್ಯಾಯ ಎನ್ನುತ್ತದೆ. ಹೊಸದರಲ್ಲಿ ಜೀವನಾಂಶ ಇರುವುದು 10ನೇ ಅಧ್ಯಾಯದಲ್ಲಿ. ಓದು ಬಲ್ಲ ಹೆಂಗಸು ಪುಸ್ತಕ ತೆರೆದು ತಾನೇ ನೋಡಿಕೊಳ್ಳೋಣ ಎಂದರೂ ದಾರಿ ತಪ್ಪುತ್ತಾಳೆ.

ಬದಲಾವಣೆಯೇ ಬೇಡ ಅನ್ನುವವನು ನಾನಲ್ಲ. 1898ರ ಸಂಹಿತೆಯಲ್ಲಿ ಜೀವನಾಂಶ 488ನೇ ಸೆಕ್ಷನ್ ಆಗಿತ್ತು. 1973ರ ಸಂಹಿತೆಯಲ್ಲಿ 125 ಆಯಿತು. ತಿಂಗಳಿಗೆ 500 ರೂಪಾಯಿ ದಾಟಬಾರದು ಎಂಬ ಮಿತಿ 2001ರ ತಿದ್ದುಪಡಿಯಲ್ಲಿ ಹೋಯಿತು. ಅದು ಬಹಳ ಒಳ್ಳೆಯ ಕೆಲಸ. ಆದರೆ ಬದಲಾಯಿಸಿದ ಮೇಲೆ ಜನಕ್ಕೆ ತಿಳಿಸಬೇಕಲ್ವಾ? ತಿದ್ದುಪಡಿಯನ್ನಾದರೂ ಓದುವ ಹಾಗೆ ಬರೆಯುತ್ತಾರಾ? 'ಇಂಥ ಪದಗಳ ಬದಲಿಗೆ ಇಂಥ ಪದಗಳನ್ನು ಪ್ರತಿಯೋಜಿಸತಕ್ಕದ್ದು', 'ಇಂಥ ಪರಂತುಕವನ್ನು ಬಿಟ್ಟುಬಿಡತಕ್ಕದ್ದು'. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು, ನನಗೇ ತಲೆಬುಡ ತಿಳಿಯುವುದಿಲ್ಲ. ಒಂದು ಕೈಯಲ್ಲಿ ಮೂಲ ಕಾಯ್ದೆ, ಇನ್ನೊಂದರಲ್ಲಿ ರಾಜ್ಯಪತ್ರ, ನಡುವೆ ಕತ್ತರಿ ಗೋಂದು ಇಟ್ಟುಕೊಂಡು ಕೂರಬೇಕು.

ನನ್ನ ಭಾವಮೈದುನನ ಕಥೆಯೂ ಇದೇ. ಬ್ಯಾಂಕ್ ನೌಕರ. 2012ರಲ್ಲಿ ಒಂದೂವರೆ ಎಕರೆ ಜಮೀನು ಕೊಂಡ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಪ್ರಕಾರ ಕೃಷಿ ಬಿಟ್ಟು ಬೇರೆ ವರಮಾನ ವರ್ಷಕ್ಕೆ 2 ಲಕ್ಷ ದಾಟಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ನೋಟಿಸ್ ಬಂತು. 2015ರಲ್ಲಿ ಆ ಮಿತಿ 25 ಲಕ್ಷವಾಯಿತು. ನಿನ್ನದು ಅದಕ್ಕಿಂತ ಹಿಂದಿನ ಖರೀದಿ, ಬಿಡುವುದಿಲ್ಲ ಎಂದರು. 2020ರಲ್ಲಿ 79ಎ, 79ಬಿ ಎರಡನ್ನೂ ತೆಗೆದೇ ಹಾಕಿದರು. ಅದೂ 1974ರ ಮಾರ್ಚ್ 1ರಿಂದಲೇ ಇರಲಿಲ್ಲ ಎಂಬಂತೆ! ಹಾಗಾದರೆ ಅವನು ವರ್ಷಗಟ್ಟಲೆ ಉಪವಿಭಾಗದ ಕಚೇರಿ ಕಾರಿಡಾರ್‌ನಲ್ಲಿ ನಿಂತದ್ದು ಯಾವ ಕಾನೂನಿಗೆ? ತೆಗೆದ ಮೇಲೂ ಎರಡು ಸಲ ತಾರೀಖು ಕೊಟ್ಟರು. ಕೇಳಿದರೆ 'ಮೇಲಿಂದ ಸುತ್ತೋಲೆ ಬಂದಿಲ್ಲ' ಎಂಬ ಉತ್ತರ.

ಸುತ್ತೋಲೆ ಬಾರದೆ ಇವರಿಗೆ ಕಾನೂನು ಬದಲಾಗುವುದೇ ಇಲ್ಲ. ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯಲ್ಲಿ, ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹವಾಗಿ ಬರೆದವರ ಮೇಲೆ ಕೇಸು ಹಾಕಲು ಇದ್ದ 66ಎ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ 2015ರಲ್ಲೇ ಹೊಡೆದು ಹಾಕಿತು. ಆಮೇಲೂ ದೇಶದಲ್ಲಿ ಅದರಡಿ ಕೇಸು ಹಾಕುತ್ತಲೇ ಇದ್ದರು. ಇದು ಆಘಾತಕಾರಿ ಎಂದು ಅದೇ ಕೋರ್ಟ್ 2021ರಲ್ಲಿ ಹೇಳಬೇಕಾಯಿತು. 2022ರಲ್ಲಿ ಮತ್ತೆ ಆದೇಶ ಮಾಡಬೇಕಾಯಿತು. ಜನರ ಮೇಲೆ ಹಾಕುವುದಾದರೆ ಸತ್ತ ಸೆಕ್ಷನ್‌ಗೂ ಜೀವ ಬರುತ್ತದೆ. ಜನ ಕೇಳಿಕೊಂಡು ಬಂದರೆ ಮಾತ್ರ ಬದುಕಿರುವ ಆದೇಶಕ್ಕೂ ನಂಬರ್ ಸರಿಯಿಲ್ಲ.

ಸಂಬಂಧಪಟ್ಟವರು ಕೂಡಲೇ ಎಚ್ಚೆತ್ತುಕೊಳ್ಳಬೇಕು. ಹಳೆ ಸೆಕ್ಷನ್‌ಗೆ ಹೊಸ ಸೆಕ್ಷನ್ ಯಾವುದು ಎಂಬ ಒಂದು ಹಾಳೆಯನ್ನು ಎಲ್ಲ ಕೋರ್ಟು, ಸ್ಟೇಷನ್, ತಾಲ್ಲೂಕು ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಲಿ. ಹಳೆ ನಂಬರ್ ಬರೆದ ಅರ್ಜಿಯನ್ನು ವಾಪಸ್ ಮಾಡುವುದನ್ನು ನಿಲ್ಲಿಸಲಿ. ಇಲ್ಲವೇ ಹಳೆ ನಂಬರಿನಲ್ಲಿ ಫ್ಲೆಕ್ಸ್ ಬರೆಸಿದವರ ಮೇಲೂ ಕ್ರಮ ತೆಗೆದುಕೊಳ್ಳಲಿ. ಕಾನೂನು ಮಾಡುವವರು ನಂಬರ್ ಬದಲಾಯಿಸುವ ಮೊದಲು ಒಂದು ದಿನ ನಮ್ಮ ಜೊತೆ ಬೈಪಾಸ್‌ನಿಂದ ಕೋರ್ಟಿನವರೆಗೆ ನಡೆದು ಬರಲಿ. ಸಂಬಳ ಎಣಿಸಿಕೊಳ್ಳುವವರಿಗೆ ಓದಿಕೊಳ್ಳಲು ಏನು ಕಷ್ಟ? ನೀವೂ ಅಷ್ಟೇ, ಮುಂದಿನ ಸಲ ತಲೆಬರಹ ಹಾಕುವಾಗ ಒಮ್ಮೆ ನೋಡಿ ಹಾಕಿ.

ಈ ಪತ್ರ ಬರೆಯುವ ಹೊತ್ತಿಗೆ ನಿಷೇಧಾಜ್ಞೆ ಮುಗಿದು ಎರಡು ದಿನವಾಗಿದೆ. ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್ ಇನ್ನೂ ಇಳಿದಿಲ್ಲ.

— ನೊಂದ ಓದುಗ, ನಿವೃತ್ತ ಕನ್ನಡ ಶಿಕ್ಷಕ