ಅಂಗಾಲು ನೋಡಿಕೊಳ್ಳಿ ಅಂದವಳಿಗೆ, ಅವಳ ಜೊತೆಗಿದ್ದವರಿಗೆ

ಕಳೆದ ಭಾನುವಾರ ನಮ್ಮೂರ ಹೈಸ್ಕೂಲಿನಲ್ಲಿ ಗುರುವಂದನೆ ಆಯಿತು. 1990ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು ನಾವು. ಮೈಕ್ ಕೈಗೆ ಕೊಟ್ಟು ನಾಲ್ಕು ಮಾತಾಡು ಅಂದರು. ಗಂಟಲು ಕಟ್ಟಿಬಂತು, ಆಗಲೇ ಇಲ್ಲ. ಅವತ್ತು ಆಡಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಕಣೇ ಅಂತ ಎಲ್ಲರೂ ಹೇಳಿದ್ದಾರೆ. ಬೆಂಚು ಹೇಳಿದರೆ ಸಾಕು, ಅವರವರಿಗೆ ಗೊತ್ತಾಗುತ್ತದೆ.

ತಿಪಟೂರು ಕಡೆಯ ಹಳ್ಳಿ ಸ್ಕೂಲು ನಮ್ಮದು. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ. ಮೂರು ವರ್ಷ ಒಂದೇ ರೂಮಿನಲ್ಲಿ ಕೂತರೂ ಹುಡುಗರ ಜೊತೆ ಮೂರು ಮಾತು ಆಡಿದವರಲ್ಲ. ಆಮೇಲೆ ಮದುವೆ, ಮಕ್ಕಳು, ತೋಟ, ಕೆಲಸ. ಯಾರು ಎಲ್ಲಿದ್ದಾರೆ ಅಂತಲೇ ಗೊತ್ತಿರಲಿಲ್ಲ. 2024ರ ಯುಗಾದಿ ಹೊತ್ತಿಗೆ ಕೊನೇ ಬೆಂಚಿನವನೊಬ್ಬ ವಾಟ್ಸಾಪ್ ಗ್ರೂಪ್ ಮಾಡಿದ. ಅವನೀಗ ಲೈನ್‌ಮ್ಯಾನ್. ಹುಡುಗಿಯರ ತವರುಮನೆಗಳಿಗೆಲ್ಲ ಹೋಗಿ ನಂಬರ್ ಕೇಳಿದ್ದನಂತೆ. ಎರಡು ಮನೆಯಲ್ಲಿ ಬೈಸಿಕೊಂಡೂ ಬಂದಿದ್ದನಂತೆ. ಇದು ನನಗೆ ಈಚೆಗೆ ಗೊತ್ತಾಗಿದ್ದು. ಮೊದಲ ನಮಸ್ಕಾರ ಅವನಿಗೆ.

50 ದಾಟಿದವರು ಸೇರಿದರೆ ಮಾತು ಆರೋಗ್ಯಕ್ಕೇ ಬಂದು ನಿಲ್ಲುತ್ತದೆ ಅಲ್ವಾ? ಬಿಪಿ, ಥೈರಾಯ್ಡು, ಮಂಡಿನೋವು, ನಿದ್ದೆ ಬರೋಲ್ಲ. ಒಬ್ಬರು ನೇರಳೆ ಬೀಜದ ಪುಡಿ ಅಂದರೆ ಇನ್ನೊಬ್ಬರು ಬೆಂಡೆಕಾಯಿ ನೆನೆಸಿದ ನೀರು ಅನ್ನುತ್ತಿದ್ದರು. ಹಾಗಲಕಾಯಿ ಕೊಯ್ದು ಹರಿವಾಣಕ್ಕೆ ಹಾಕಿ ಅದರ ಮೇಲೆ ಕಾಲಲ್ಲಿ ತುಳಿಯಬೇಕು, ಬಾಯಿ ಕಹಿಯಾಗುವವರೆಗೆ ತುಳಿದರೆ ಶುಗರ್ ಇಳಿಯುತ್ತೆ ಅಂತ ಯಾರೋ ವಿಡಿಯೋ ಹಾಕಿದ್ದರು. ನನಗೆ ಶುಗರ್ ಬಂದು 11 ವರ್ಷ. ನಾನೂ ಒಂದು ವಾರ ತುಳಿದೆ.

ನಮ್ಮ ಮೊದಲ ಬೆಂಚಿನವಳು ತುಮಕೂರಿನಲ್ಲಿ ಸ್ಟಾಫ್ ನರ್ಸ್. ಅವಳು ಯಾರನ್ನೂ ಹೀಯಾಳಿಸಲಿಲ್ಲ. ಹಾಗಲಕಾಯಿ ಪಲ್ಯ ಮಾಡಿ ತಿನ್ನಿ, ಒಳ್ಳೆಯದು, ಆದರೆ ಮಾತ್ರೆ ಬಿಡಬೇಡಿ ಅಂದಳು. ಆಮೇಲೆ ಒಂದು ವಾಯ್ಸ್ ಮೆಸೇಜ್ ಹಾಕಿದಳು. ಅದನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. 'ಶುಗರ್ ಇರೋರೆಲ್ಲ ಇವತ್ತು ಮಲಗೋ ಮುಂಚೆ ಅಂಗಾಲು ನೋಡ್ಕೊಳ್ಳಿ. ಬಗ್ಗೋಕೆ ಆಗದಿದ್ರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ನೋಡಿದೆ ಅಂತ ನನಗೆ ಹೇಳಿ.'

ಅವತ್ತು ರಾತ್ರಿ ನಮ್ಮ ಯಜಮಾನರು ಗಡ್ಡ ಹೆರೆಯುವ ಕನ್ನಡಿ ತಂದು ನೆಲಕ್ಕಿಟ್ಟೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಆಣಿ ಇತ್ತು. ಹದಿನೈದು ದಿನದ ಹಿಂದೆ ಅದನ್ನು ಬ್ಲೇಡಿನಲ್ಲಿ ಸವರಿದ್ದೆ, ಯಾವಾಗಲೂ ಹಾಗೇ ಮಾಡುತ್ತಿದ್ದೆ. ಈಗ ಅದರ ನಡುವೆ ಕಡಲೆಕಾಳಿನಷ್ಟು ಕಪ್ಪು ಕಾಣಿಸಿತು. ಬೆರಳಲ್ಲಿ ಒತ್ತಿದರೆ ನೀರು ಒಸರಿತು. ವಾಸನೆ ಬೇರೆ. ಒಂಚೂರೂ ನೋವಿರಲಿಲ್ಲ. ಫೋಟೋ ಕಳಿಸಿ 'ನೋವೇನೂ ಇಲ್ಲ ಕಣೇ' ಅಂತ ಬರೆದೆ.

ಎರಡು ನಿಮಿಷಕ್ಕೆ ಫೋನ್ ಬಂತು. 'ಲೇ, ನೋವಿಲ್ಲ ಅನ್ನೋದಕ್ಕೇ ನನಗೆ ಭಯ ಆಗ್ತಿರೋದು. ನಾಳೆ ಬೆಳಿಗ್ಗೆ ಇಲ್ಲಿಗೆ ಬಾ. ಆ ಕಾಲು ನೆಲಕ್ಕೆ ಊರಬೇಡ. ಅರಿಶಿನ, ಕೊಬ್ಬರಿ ಎಣ್ಣೆ ಏನೂ ಹಚ್ಚಬೇಡ. ಬಿಸಿನೀರಲ್ಲಿ ಅದ್ದಲೇಬೇಡ.'

ಶುಗರ್ ಜಾಸ್ತಿ ಇದ್ದೂ ಇದ್ದೂ ಪಾದದ ನರಗಳು ಸೋತುಹೋಗುತ್ತವಂತೆ. ಮುಳ್ಳು ಚುಚ್ಚಿದರೂ, ನೀರು ಸುಟ್ಟರೂ ತಿಳಿಯುವುದಿಲ್ಲ. ಕಾಲು ಜೋಮು ಹಿಡಿದಂತೆ ಇರುತ್ತದೆ ಅಂತ ನಾನು ವರ್ಷಗಟ್ಟಲೆ ಹೇಳುತ್ತಿದ್ದೆನಲ್ಲ, ಅದೇ ಇದು. ವಯಸ್ಸಾಯಿತು ಅಂತ ಸುಮ್ನೆ ಇದ್ದುಬಿಟ್ಟಿದ್ದೆ.

ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ಕಾರು ನಿಂತಿತ್ತು. ಅದೇ ಲೈನ್‌ಮ್ಯಾನ್, ರಜೆ ಹಾಕಿ ಬಂದಿದ್ದ. ಹತ್ತುವಾಗ 'ನಿಧಾನ ಮೇಡಂ' ಅಂದ. ಗುಬ್ಬಿ ದಾಟುವಷ್ಟರಲ್ಲಿ 'ಏನಮ್ಮ, ತಿಂಡಿ ತಿಂದೆಯಾ' ಆಗಿತ್ತು. ಹೈಸ್ಕೂಲಿನಲ್ಲಿ ಆಡದ ಮಾತೆಲ್ಲ ಆ ದಾರಿಯಲ್ಲಿ ಆಡಿದೆವು.

ಡಾಕ್ಟರು ಆಣಿಯನ್ನು ಬಿಡಿಸಿದಾಗ ಕೆಳಗೆ ಗುಂಡಿಯೇ ಇತ್ತು. ಎಕ್ಸ್‌ರೇ ತೆಗೆದರು. ಪುಣ್ಯಕ್ಕೆ ಮೂಳೆಗೆ ತಗುಲಿರಲಿಲ್ಲ. ಇನ್ನೂ ತಡ ಮಾಡಿದ್ದರೆ ಬೆರಳು ಉಳಿಸೋದು ಕಷ್ಟ ಇತ್ತು ಅಂದರು. ಎಚ್‌ಬಿಎ1ಸಿ 10.4 ಇತ್ತು. ಹಿಂದಿನ ಮೂರು ತಿಂಗಳ ಶುಗರ್ ಲೆಕ್ಕ ಅದು. ಟೆಸ್ಟಿಗೆ ಹಿಂದಿನ ದಿನ ಸಿಹಿ ಬಿಟ್ಟು ನಾನು ತೋರಿಸುತ್ತಿದ್ದ ರಿಪೋರ್ಟುಗಳು ಅದರ ಮುಂದೆ ನಿಲ್ಲಲಿಲ್ಲ.

ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಔಷಧಿಗಿಂತ ಕಷ್ಟದ್ದು ಕಾಲು ಊರದೆ ಇರೋದು. ಮನೆ ತುಂಬ ಕೆಲಸ ಇರುವ ಹೆಂಗಸಿಗೆ ಕೂತಿರು ಅಂದರೆ ಹೇಗೆ? ಮೂರನೇ ಬೆಂಚಿನವಳು ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು ಬಟ್ಟೆ ಒಗೆದು, ಸಾರು ಮಾಡಿಟ್ಟು ಹೋಗುತ್ತಿದ್ದಳು. ಅವಳಿಗೆ ಎರಡು ಹಸು ಇವೆ, ಡೇರಿಗೆ ಹಾಲು ಹಾಕಬೇಕು. ಅದರ ನಡುವೆ ಬರುತ್ತಿದ್ದಳು. ಈ ಋಣ ಹೇಗೆ ತೀರಿಸಲಿ ಗೊತ್ತಿಲ್ಲ ಕಣೇ.

ರಾಗಿಮುದ್ದೆ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ ನಾವೆಲ್ಲ ನಂಬಿದ್ದೆವು. ಮುದ್ದೆಯೂ ಅನ್ನದ ಹಾಗೇ ಶುಗರ್ ಏರಿಸುತ್ತೆ, ಅಳತೆ ಬೇಕು ಅಂತ ಹೇಳಿಕೊಟ್ಟಿದ್ದು ಇದೇ ಗ್ರೂಪು. ನನ್ನ ಎರಡು ಮುದ್ದೆ ಒಂದಾಯಿತು, ಒಂದು ಅರ್ಧವಾಯಿತು. ತಟ್ಟೆಯ ಅರ್ಧಕ್ಕೆ ಸೊಪ್ಪು, ತರಕಾರಿ. ಗಾಯ ಮಾಯ್ದ ಮೇಲೆ ಊಟವಾಗಿ ಹತ್ತು ನಿಮಿಷ ನಡಿಗೆ. ಈಗ ಎಚ್‌ಬಿಎ1ಸಿ 7.1.

ಕಲಿತಿದ್ದು ಒಂದು ಸಲ ನನ್ನಿಂದ ಇನ್ನೊಬ್ಬರಿಗೂ ಆಯಿತು, ಆ ಸಮಾಧಾನ ದೊಡ್ಡದು. ಸಂಕಷ್ಟಿ ದಿನ ಎರಡನೇ ಬೆಂಚಿನವಳು ಉಪವಾಸವಿದ್ದು ಬೆಳಿಗ್ಗೆ ಶುಗರ್ ಮಾತ್ರೆ ಮಾತ್ರ ನುಂಗಿದ್ದಳು. ಸಾಯಂಕಾಲ ಅವಳ ವಾಯ್ಸ್ ಮೆಸೇಜ್ ತೊದಲುತ್ತಿತ್ತು. ತಕ್ಷಣ ಫೋನ್ ಮಾಡಿದೆ. ಮೈಯೆಲ್ಲ ಬೆವರು, ಕೈ ನಡುಕ ಅಂದಳು. ಹೊಟ್ಟೆಗೆ ಏನೂ ಇಲ್ಲದೆ ಮಾತ್ರೆ ನುಂಗಿ ಶುಗರ್ ತೀರಾ ಇಳಿದಿದೆ ಅಂತ ಗೊತ್ತಾಯಿತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ ಅಂದೆ. ಚಂದ್ರ ಕಾಣೋವರೆಗೂ ಬೇಡ ಅಂದಳು. ಗಣಪತಿ ಏನೂ ಅಂದುಕೊಳ್ಳಲ್ಲ, ಮೊದಲು ಕುಡಿ ಅಂದೆ. 15 ನಿಮಿಷ ಫೋನ್ ಇಡಲೇ ಇಲ್ಲ. ಆಮೇಲೆ ಮಷಿನ್‌ನಲ್ಲಿ ನೋಡಿದರೆ 92. ಊಟ ಮಾಡಿಸಿದೆ. ಮಾರನೇ ದಿನ ಅವಳ ಡಾಕ್ಟರು ಮಾತ್ರೆ ಬದಲಾಯಿಸಿದರು.

ಮನೆಯವರು ಕೇಳಿದರೆ ಏನಿಲ್ಲ ಅಂದುಬಿಡುತ್ತೇವೆ. ಹದಿನಾರು ವರ್ಷದವರಿದ್ದಾಗ ಜೊತೆಯಲ್ಲಿ ಕೂತವಳು 'ಲೇ' ಅಂತ ಗದರಿದರೆ ಹಾಗೆ ಅನ್ನೋಕೆ ಬರಲ್ಲ. ನನಗಂತೂ ಬರಲಿಲ್ಲ.

ಗುರುವಂದನೆ ದಿನ ಎಲ್ಲರೂ ಹಾಲ್ ಹೊರಗೆ ಚಪ್ಪಲಿ ಬಿಟ್ಟರು. ನಾನು ಬರಿಗಾಲಲ್ಲಿ ನಡೆಯುವ ಹಾಗಿಲ್ಲ. ಬಾಗಿಲಲ್ಲೇ ನಿಂತೆ. ನಾಲ್ಕನೇ ಬೆಂಚಿನವಳು ಬ್ಯಾಗಿನಿಂದ ಹೊಸ ಎಂಸಿಆರ್ ಚಪ್ಪಲಿ, ಅಂದರೆ ಶುಗರ್ ಇರೋರು ಹಾಕುವ ಮೆತ್ತನೆ ರಬ್ಬರಿನ ಚಪ್ಪಲಿ, ತೆಗೆದು ಕಾಲ ಬಳಿ ಇಟ್ಟಳು. ನನ್ನ ಅಳತೆ ಕೇಳಿ ತಂದಿದ್ದಳು. 'ಇದು ಒಳಗೆ ಹಾಕ್ಕೊಳ್ಳೋಕೆ, ಧೂಳು ಮುಟ್ಟಿಲ್ಲ' ಅಂದಳು. ಚಪ್ಪಲಿ ಹಾಕಿಕೊಂಡು ಗುರುಗಳ ಪಾದ ಮುಟ್ಟಲು ಮನಸ್ಸು ಹಿಂದೇಟು ಹಾಕಿತು. ಗಣಿತದ ಮೇಷ್ಟ್ರು ಯಾಕಮ್ಮ ಅಲ್ಲೇ ನಿಂತೆ ಅಂದರು. ವಿಷಯ ಹೇಳಿದೆ. 'ಹಾಕ್ಕೊಂಡೇ ಬಾರಮ್ಮ' ಅಂದರು. ಅವರಿಗೀಗ 80 ದಾಟಿದೆ. ತಲೆ ಮೇಲೆ ಕೈ ಇಟ್ಟು, 'ನನಗೂ ಶುಗರ್ ಇದೆ ಕಣಮ್ಮ' ಅಂದರು, ಮೆಲ್ಲಗೆ.

ಮೊದಲ ಬೆಂಚಿನವಳಿಗೆ ಅದು ಕೇಳಿಸಿತು. ಹಾರ ತುರಾಯಿ ಎಲ್ಲ ಮುಗಿದ ಮೇಲೆ ಅವಳು ರೇಷ್ಮೆ ಸೀರೆಯಲ್ಲೇ ನೆಲದ ಮೇಲೆ ಕೂತು, ಬೇಡಮ್ಮ ಬೇಡಮ್ಮ ಅನ್ನುತ್ತಿದ್ದ ಮೇಷ್ಟ್ರ ಕಾಲುಗಳನ್ನು ಒಂದೊಂದಾಗಿ ತೊಡೆಯ ಮೇಲೆ ಇಟ್ಟುಕೊಂಡು ಅಂಗಾಲು ನೋಡಿದಳು. ಹಿಮ್ಮಡಿ ಒಡೆದಿತ್ತು, ಗಾಯ ಇರಲಿಲ್ಲ. ಲೈನ್‌ಮ್ಯಾನ್ ಪಕ್ಕದಲ್ಲಿ ನಿಂತು ಮೊಬೈಲ್ ಟಾರ್ಚ್ ಹಿಡಿದಿದ್ದ.