ಕೆಚ್ಚಲು ಬಾವು: ಟ್ಯೂಬ್ ಏರಿಸುವ ಮುಂಚೆ ಹಾಲಿನ ಮಾದರಿ ತೆಗೆಯಿರಿ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಬಂತೆಂದರೆ ನಮ್ಮ ಸಿಂಧನೂರು ಸೀಮೆಯಲ್ಲಿ ಆಕಳು ಸಾಕಿದವರಿಗೆ ಕೆಚ್ಚಲು ಬಾವಿನದೇ ಚಿಂತೆ. ಕಾಲುವೆ ನೀರು, ಕಪ್ಪು ಮಣ್ಣು, ಕೊಟ್ಟಿಗೆಯ ನೆಲ ಒಣಗುವುದೇ ಇಲ್ಲ. ಕರೆದ ಮೇಲೆ ಮೊಲೆತೊಟ್ಟಿನ ತೂತು ಮುಚ್ಚೋಕೆ ಅರ್ಧ ಗಂಟೆಯಾದರೂ ಬೇಕು, ಅಷ್ಟರಲ್ಲಿ ಆಕಳು ಆ ರಾಡಿಯಲ್ಲಿ ಮಲಗಿಬಿಟ್ಟರೆ ರೋಗಾಣುವಿಗೆ ಬಾಗಿಲು ತೆರೆದಿಟ್ಟ ಹಾಗೆ. ಇದು ಹಳೇ ಕಥೆ. ಈಗ ಜಾಸ್ತಿ ಕೇಳಿಸುತ್ತಿರುವುದು ಬೇರೆ ಮಾತು: "ಮೊಲೆತೊಟ್ಟಿನೊಳಗೆ ಔಷಧದ ಟ್ಯೂಬ್ ಏರಿಸಿದ್ವಿ, ಇಂಜೆಕ್ಷನ್ ಮಾಡಿಸಿದ್ವಿ, ಬಾವು ಇಳೀತಿಲ್ಲ."

ಔಷಧ ಡೂಪ್ಲಿಕೇಟ್ ಅಂತ ಬೈಯುವವರೇ ಹೆಚ್ಚು. ಕೆಲವು ಸಲ ಇದ್ದರೂ ಇರಬಹುದು. ಆದರೆ ಈ ಬಾವು ತರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾದ ಎಷ್ಟೋ ತಳಿಗಳು ಪೆನಿಸಿಲಿನ್ ಅನ್ನೇ ಒಡೆದುಹಾಕುವ ಕಿಣ್ವ ತಯಾರಿಸುತ್ತವೆ. ಅಂಥದ್ದು ಸೇರಿಕೊಂಡಿದ್ದರೆ ಪೆನಿಸಿಲಿನ್ ಎಷ್ಟು ಕೊಟ್ಟರೂ ದುಡ್ಡು ದಂಡ. ಇನ್ನೊಂದು ವಿಷಯವೂ ಇದೆ. ಔಷಧಕ್ಕೆ ಸಾಯುವಂಥದ್ದೇ ಆದರೂ ಅದು ಕೆಚ್ಚಲಿನ ಜೀವಕೋಶದ ಒಳಗೆ ಅಡಗಿ, ಸುತ್ತ ಗಂಟು ಕಟ್ಟಿಕೊಂಡರೆ ಔಷಧ ಅಲ್ಲಿಗೆ ಮುಟ್ಟುವುದಿಲ್ಲ. ಎರಡರಲ್ಲಿ ಯಾವುದು ಅಂತ ಕೆಚ್ಚಲು ಮುಟ್ಟಿ ನೋಡಿ ಯಾವ ಡಾಕ್ಟರೂ ಹೇಳಲಾರರು. ಲ್ಯಾಬ್‌ನಲ್ಲಿ ಹಾಲಿನಿಂದ ರೋಗಾಣು ಬೆಳೆಸಿ, ಯಾವ ಆಂಟಿಬಯಾಟಿಕ್‌ಗೆ ಸಾಯುತ್ತದೆ ಅಂತ ನೋಡಬೇಕು. ಅದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ.

ಅಷ್ಟು ದಿನ ಆಕಳು ನರಳಬೇಕಾ ಅಂತ ಕೇಳುತ್ತೀರಿ. ಬೇಡ. ಮೊದಲು ಮಾದರಿ ತೆಗೆದಿಟ್ಟು, ಆಮೇಲೆ ಚಿಕಿತ್ಸೆ ಶುರು ಮಾಡಿ, ರಿಪೋರ್ಟ್ ಬಂದ ಮೇಲೆ ಬೇಕಿದ್ದರೆ ಔಷಧ ಬದಲಿಸಬಹುದು. ಔಷಧ ಬಿದ್ದ ಮೇಲೆ ತೆಗೆದ ಹಾಲಿನಲ್ಲಿ ರೋಗಾಣು ಸರಿಯಾಗಿ ಬೆಳೆಯುವುದಿಲ್ಲ. ನಮ್ಮಲ್ಲಿ ಆಗುವುದೇ ಉಲ್ಟಾ. ಹೋದ ವರ್ಷದ ಚೀಟಿ ತೋರಿಸಿ ಅಂಗಡಿಯಿಂದ ತಂದು ಚುಚ್ಚುತ್ತೇವೆ, ಹಾಲಿನ ಗಡ್ಡೆ ಹೋಗಿ ಬೆಳ್ಳಗಾದ ಕೂಡಲೇ ನಿಲ್ಲಿಸುತ್ತೇವೆ. ಉಳಿದ ರೋಗಾಣು ಮತ್ತೆ ಹೆಚ್ಚುತ್ತದೆ, ಅದರಲ್ಲಿ ಔಷಧ ತಡೆದುಕೊಂಡು ಬದುಕಿದವೇ ಜಾಸ್ತಿ.

ಔಷಧ ಕೊಟ್ಟ ಆಕಳಿನ ಹಾಲು ಏನಾಗುತ್ತೆ? ಡೇರಿಗೆ ಹಾಕುವಂತಿಲ್ಲ, ಚೆಲ್ಲೋಕೆ ಮನಸ್ಸು ಬರಲ್ಲ, ಕರುವಿಗೆ ಕುಡಿಸುತ್ತಾರೆ. ಕರುವಿನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗೂ ಅಲ್ಲಿಂದಲೇ ಔಷಧದ ಅಭ್ಯಾಸ ಶುರು. ಅದರ ಸಗಣಿ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಕೆಲವರು ಮನೆಗೇ ಇಟ್ಟುಕೊಳ್ಳುತ್ತಾರೆ, ಕಾಯಿಸಿದರೆ ಎಲ್ಲ ಹೋಗುತ್ತೆ ಅನ್ನುತ್ತಾರೆ. ಔಷಧದ ಅಂಶ ಅಷ್ಟು ಸುಲಭಕ್ಕೆ ಹೋಗಲ್ಲ. ಅಂಥ ಹಾಲಿಗೆ ಹೆಪ್ಪು ಹಾಕಿ ನೋಡಿದ ಹೆಣ್ಣುಮಕ್ಕಳನ್ನು ಕೇಳಿ, ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಆ ಔಷಧ ಬೆಳೆಯಲು ಬಿಡದೆ ಬೆಳಗಾದರೂ ಮೊಸರು ಆಗಿರುವುದಿಲ್ಲ.

ಇದು ದನದ ವಿಷಯ ಮಾತ್ರ ಅಂದುಕೊಂಡವರಿಗೆ ಒಂದು ಮಾತು. ಆಸ್ಪತ್ರೆಗಳನ್ನು ಕಾಡುವ ಎಂಆರ್‌ಎಸ್‌ಎ ಎಂಬ, ಮೆಥಿಸಿಲಿನ್‌ನಂಥ ಆಂಟಿಬಯಾಟಿಕ್‌ಗೂ ಬಗ್ಗದ ಹಟಮಾರಿ ಸ್ಟ್ಯಾಫಿಲೊಕಾಕಸ್, ಬೆಲ್ಜಿಯಂನಲ್ಲಿ ಕೆಚ್ಚಲು ಬಾವಿನ ಹಾಲಿನಲ್ಲಿ ಸಿಕ್ಕಿದ್ದು 1972ರಷ್ಟು ಹಿಂದೆಯೇ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಂಡಿರುವ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಒಳ್ಳೆಯದೇ. ಆದರೆ ದೆಹಲಿಯ ಆದೇಶದಿಂದ ಊರಿನ ಕೊಟ್ಟಿಗೆಗೆ ಲ್ಯಾಬ್ ಬರಲಿಲ್ಲವಲ್ಲ.

ಹಾಲು ಒಕ್ಕೂಟದವರಲ್ಲಿ, ಪಶು ಇಲಾಖೆಯವರಲ್ಲಿ ಕೇಳುವುದು ದೊಡ್ಡದೇನಲ್ಲ. ಡೇರಿಯಲ್ಲಿ ದಿನಾ ಫ್ಯಾಟ್ ನೋಡುತ್ತೀರಿ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನ ಅಂಶ) ನೋಡುತ್ತೀರಿ. ತಿಂಗಳಿಗೊಮ್ಮೆ ಕೆಚ್ಚಲು ಬಾವು ಪತ್ತೆಹಚ್ಚುವ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಪರೀಕ್ಷೆಯನ್ನೂ ಮಾಡಿಸಿ. ನಾಲ್ಕು ಗುಂಡಿಯ ತಟ್ಟೆಯಲ್ಲಿ ನಾಲ್ಕೂ ಮೊಲೆಯ ಹಾಲು ಬೇರೆಬೇರೆ ಕರೆದು, ಅಷ್ಟೇ ದ್ರಾವಣ ಹಾಕಿ ಆಡಿಸಿದರೆ ಸಾಕು, ಬಾವು ಒಳಗಿದ್ದರೆ ಲೋಳೆಯಂತೆ ಗಟ್ಟಿಯಾಗುತ್ತದೆ. ಕಣ್ಣಿಗೆ ಕಾಣುವ ಮುಂಚೆಯೇ ಗೊತ್ತಾಗುತ್ತೆ. ಆದರೆ ಸಿಕ್ಕಿಬಿದ್ದವನ ಹಾಲು ವಾಪಸ್ ಕಳಿಸಿ ಸುಮ್ಮನಾದರೆ ಮುಂದಿನ ತಿಂಗಳು ಯಾರೂ ಪರೀಕ್ಷೆಗೆ ಬರಲ್ಲ. ಚಿಕಿತ್ಸೆ ಮುಗಿಯುವವರೆಗೆ, ಆಮೇಲೆ ಡಾಕ್ಟರ್ ಹೇಳಿದಷ್ಟು ದಿನ, ಹಾಲು ಹಾಕಲಾಗದ ರೈತನಿಗೆ ಸ್ವಲ್ಪವಾದರೂ ಪರಿಹಾರ ಕೊಡಿ.

1962ಕ್ಕೆ ಫೋನ್ ಮಾಡಿದರೆ ಬರುವ ಪಶು ಚಿಕಿತ್ಸಾ ವಾಹನದಲ್ಲಿ ಮಾದರಿ ಬಾಟಲಿ, ಐಸ್ ಪೆಟ್ಟಿಗೆ ಇರಲಿ. ಮಾದರಿ ಲ್ಯಾಬ್ ಸೇರಿಸುವ ಜವಾಬ್ದಾರಿ ಇಲಾಖೆ ತಗೊಳ್ಳಲಿ, ರಿಪೋರ್ಟ್ ಅನ್ನು ಡಾಕ್ಟರಿಗೂ ರೈತನಿಗೂ ವಾಟ್ಸಾಪ್‌ನಲ್ಲಿ ಕಳಿಸಲಿ.

ಒಬ್ಬ ಹಾಲು ಉತ್ಪಾದಕ,
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ