ಮಾದರಿ ಪ್ರಬಂಧ ಸಾಕು, ಚಿತ್ತು ಹಾಳೆ ಅಚ್ಚಾಗಲಿ

ಮಾನ್ಯ ಸಂಪಾದಕರೆ,

ಪರೀಕ್ಷೆ ಹತ್ತಿರ ಬಂದಂತೆ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಮಾದರಿ ಪ್ರಬಂಧಗಳು ಕಾಣಿಸಿಕೊಳ್ಳುತ್ತವೆ. ತಿಪಟೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ಆ ಪುಟವನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುವ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. ಅದಕ್ಕೇ ಈ ತಕರಾರು.

ಕಳೆದ ತಿಂಗಳು ಒಂಬತ್ತನೆಯ ತರಗತಿಗೆ 'ತೆಂಗು' ಎಂಬ ವಿಷಯ ಕೊಟ್ಟೆ. ಬಂದ 31 ಪ್ರಬಂಧಗಳಲ್ಲಿ 26 'ತೆಂಗು ಕಲ್ಪವೃಕ್ಷ ಎನಿಸಿಕೊಂಡಿದೆ' ಎಂದೇ ಶುರುವಾಗಿದ್ದವು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಯ ಅಟ್ಟದಲ್ಲಿ ಕೊಬ್ಬರಿಗೆ ಬಿಟ್ಟ ಕಾಯಿ ಇದೆ. ಪ್ರಬಂಧದಲ್ಲಿ ಒಬ್ಬರೂ ಅಟ್ಟ ಹತ್ತಿರಲಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರು, ಎ.ಎನ್. ಮೂರ್ತಿರಾಯರು ಬರೆದದ್ದೂ ಪ್ರಬಂಧವೇ ಎಂದರೆ ಈ ಮಕ್ಕಳು ನಂಬುವುದು ಹೇಗೆ?

ಮರುದಿನ ಕಪ್ಪುಹಲಗೆಯ ನಡುವೆ 'ಕಾಯಿ' ಎಂದು ಬರೆದು, ತೋಚಿದ್ದನ್ನು ಹೇಳಿ ಎಂದೆ. ಹತ್ತು ನಿಮಿಷ ಯಾರೂ ನಗುವಂತಿಲ್ಲ, ಸರಿ ತಪ್ಪು ಎನ್ನುವಂತಿಲ್ಲ. ತರಬೇತಿಗಳಲ್ಲಿ ಇದಕ್ಕೆ ಬ್ರೈನ್‌ಸ್ಟಾರ್ಮಿಂಗ್ ಎನ್ನುತ್ತಾರೆ. ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್ 1940ರ ದಶಕದಲ್ಲಿ ಪ್ರಚಾರಕ್ಕೆ ತಂದ ವಿಧಾನ. ಆಗಿನ ಮುಖ್ಯ ಕಟ್ಟಳೆಯೂ ಇದೇ: ಪಟ್ಟಿ ಮುಗಿಯುವವರೆಗೆ ಟೀಕೆ ಇಲ್ಲ. ಅದನ್ನು ಪಾಲಿಸಲು ಎಲ್ಲರಿಗಿಂತ ಹೆಚ್ಚು ಒದ್ದಾಡಿದವಳು ನಾನೇ. ಕೆಂಪು ಪೆನ್ನಿಗೆ ಒಗ್ಗಿದ ಕೈ ನೋಡಿ.

ಮೊದಲು ಬಂದದ್ದು ಎಳನೀರು, ಚಟ್ನಿ, ಮತ್ತದೇ ಕಲ್ಪವೃಕ್ಷ. ಆಮೇಲೆ ತರಗತಿ ಮೌನವಾಯಿತು. ಬಾಯಿಪಾಠದ ಸರಕು ಖಾಲಿಯಾಗಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಮೆಲ್ಲಗೆ 'ಗಡಗಡ' ಎಂದ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ಕಾಯಿಯ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಒಳಗೇ ಆಡುವ ಸದ್ದು ಅದು. ಅಲ್ಲಿಂದ ಕಟ್ಟೆ ಒಡೆಯಿತು: ನೆಟ್ಟ ಹಾರೆಗೆ ಕಾಯಿ ಕುಕ್ಕಿ ಸುಲಿಯುವ ಅಜ್ಜನ ಅಂಗೈ, ನುಸಿ ಬಿದ್ದ ಕಾಯಿ, ಕಾಂಡದಿಂದ ಕೆಂಪಗೆ ರಸ ಸೋರುವ ಮರ, ಮಾರುಕಟ್ಟೆಯ ದಿನ ಅಪ್ಪನ ಮುಖ.

ಸಾಹಿತ್ಯ ಪ್ರಕಾರದ ಪಾಠ ಆಮೇಲೆ ತಾನಾಗಿ ನಡೆಯಿತು. ಅದೇ ಪಟ್ಟಿಯಿಂದ ಒಂದು ಗುಂಪು ಅಮ್ಮನಿಗೂ ಕೊಬ್ಬರಿ ವ್ಯಾಪಾರಿಗೂ ನಡೆಯುವ ಸಂಭಾಷಣೆ ಬರೆಯಿತು, ಇನ್ನೊಂದು ಒಗಟು ಕಟ್ಟಿತು, ಮತ್ತೊಂದು ತೋಟಗಾರಿಕೆ ಇಲಾಖೆಗೆ ಪತ್ರ. ಅಜ್ಜನ ಅಂಗೈ ಸಂಭಾಷಣೆಯಲ್ಲಿ ಉಳಿಯಿತು, ಇಲಾಖೆಯ ಪತ್ರದಿಂದ ಬಿಟ್ಟುಹೋಯಿತು. ಯಾಕೆ ಬಿಟ್ಟಿರಿ ಎಂದು ಕೇಳಿದೆ. 'ಅವರಿಗೆ ಮರ ಎಷ್ಟು, ರೋಗ ಯಾವುದು ಅಂತ ಗೊತ್ತಾದರೆ ಸಾಕಲ್ಲ ಮಿಸ್' ಎಂದಳು ಒಬ್ಬಳು. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಆರು ಷಟ್ಪದಿಗಳ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸುವ ಹುಡುಗಿ ಅವಳು. ಪ್ರಕಾರ ಎಂದರೇನೆಂದು ಅವಳ ಬಾಯಿಂದ ಕೇಳಿದ್ದು ಅಂದೇ ಮೊದಲು.

'ಗಡಗಡ'ದ ಹುಡುಗ ಆರಿಸಿಕೊಂಡದ್ದು ದಿನಕರ ದೇಸಾಯಿಯವರು ಮನೆಮಾತಾಗಿಸಿದ ಚುಟುಕವನ್ನು:

ಅಟ್ಟದ ಮೇಲಿನ ಕಾಯಿಯ ಒಳಗೆ
ನೀರು ಬತ್ತಿ ಗಡಗಡ ಸದ್ದು
ಬೆಲೆ ಏರಲೆಂದು ಕಾಯುವ ಅಪ್ಪ
ದಿನವೂ ಕೇಳುವನು ಕದ್ದು

ಹೀಗೆ ಮಾಡಿದರೆ ಪಠ್ಯ ಮುಗಿಯುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜ, ನನ್ನದು ಎರಡು ಪಾಠ ಹಿಂದಿದೆ. ಅದಕ್ಕೆ ಉತ್ತರ ನನ್ನ ಬಳಿ ಇಲ್ಲ. ನಿಮ್ಮಲ್ಲಿ ಕೇಳುವುದು ಇಷ್ಟೇ: ಮಾದರಿ ಪ್ರಬಂಧ ಹಾಕುವ ಜಾಗದಲ್ಲಿ ವಾರಕ್ಕೊಮ್ಮೆಯಾದರೂ ಒಂದು ಮಗುವಿನ ಚಿತ್ತು ಹಾಳೆಯನ್ನು ಇದ್ದಂತೆಯೇ ಅಚ್ಚು ಮಾಡಿ. ಹೊಡೆದುಹಾಕಿದ ಪದ, ಬಾಣದ ಗುರುತು ಎಲ್ಲವೂ ಇರಲಿ, ಪಕ್ಕದಲ್ಲಿ ಅದರಿಂದ ಹುಟ್ಟಿದ ಬರಹವೂ ಇರಲಿ. ಅದನ್ನು ಅಂಟಿಸಿಕೊಂಡು ಬಾಯಿಪಾಠ ಮಾಡುವುದು ಯಾರಿಗೂ ಆಗದು.

ಮೊದಲ ಹಾಳೆ ನಾನೇ ಕಳಿಸುತ್ತಿದ್ದೆ. ಆದರೆ ಕೊನೆಯ ಸಾಲು ಇನ್ನೂ ತಿದ್ದಬೇಕು, ಸೋಮವಾರ ಕೊಡುತ್ತೇನೆ ಎಂದಿದ್ದಾನೆ ಹುಡುಗ.

– ಕನ್ನಡ ಶಿಕ್ಷಕಿ, ತಿಪಟೂರು ತಾಲ್ಲೂಕು